ಅರಾಲ್ ದಡದ ವೆಲ್ಡರ್

ಕೊಲ್ಲಿ ದೇಶದ ಕರಾವಳಿ ಊರಾದ ಮೀನಾ ಅಬ್ದುಲ್ಲಾದ ನಮ್ಮ ಕಾರ್ಮಿಕರ ಕ್ಯಾಂಪಿಗೆ ಹೊಸದಾಗಿ ಬಂದಿದ್ದ ವೆಲ್ಡರ್ ಅರಾಲ್ ಸಮುದ್ರದ ದಡದವನು. ಲೋಟದಲ್ಲಿ ಉಳಿದ ಒಂದು ಗುಟುಕು ನೀರನ್ನೂ ಚೆಲ್ಲುತ್ತಿರಲಿಲ್ಲ. ಆ ಸಮುದ್ರ ಬತ್ತಿದ ಕುರಿತ ಸಾಕ್ಷ್ಯಚಿತ್ರವನ್ನು ಒಂದು ಗುರುವಾರ ಮೆಸ್ಸಿನ ಟಿವಿಯಲ್ಲಿ ನೋಡಿದೆವು. ಹಡಗುಗಳು ಮರಳಿನಲ್ಲಿ ನಿಂತಿದ್ದವು, ಅದಕ್ಕೆ ಸೇರಬೇಕಿದ್ದ ನದಿನೀರಿಗಾಗಿ ದೇಶಗಳು ಜಗಳವಾಡುತ್ತಿದ್ದವು.

"ಮೇಲಿನ ದೇಶದವರು ನೀರು ಬಿಡಬೇಕಲ್ಲ, ಭಾಯಿ," ಎಂದ ಅವನು, ಎಂದಿನಂತೆ.

ಮರುದಿನ ಅವನನ್ನು ಮೊದಲ ಸಲ ಇಲ್ಲಿಯ ಕಡಲಿಗೆ ಕರೆದೊಯ್ದೆ. ನೀರು ದೂರ ಸರಿದು ಬರೀ ಕೆಸರು ಕಾಣುತ್ತಿತ್ತು. ಅವನು ನನ್ನ ತೋಳನ್ನು ಬಿಗಿಯಾಗಿ ಹಿಡಿದ.

"ಇದೂ ಖಲಾಸಾ?"

"ಇಳಿತ ಅಷ್ಟೇ, ಭಾಯಿ. ಸಂಜೆಗೆ ವಾಪಸ್ ಬರ್ತದೆ," ಎಂದೆ, ಉಳ್ಳಾಲದ ಕಡಲು ನೋಡಿ ಬೆಳೆದ ನಾನು.

ಅವನು ನಂಬಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ಸಂಜೆ ನೀರು ಬಂದು ಅವನ ಬೂಟು ಮುಟ್ಟಿತು.

"ಯಾರು ಬಿಟ್ಟದ್ದು?" ಎಂದು ಕೇಳಿದ.