ಡ್ಯಾಶ್‌ಬೋರ್ಡಿನೊಳಗಿನ ಚೀಟಿ

ಗೆಜ್ಜಲಗೆರೆಯ ಸರ್ವಿಸ್ ರಸ್ತೆಯಲ್ಲಿ, ಟೀ ಅಂಗಡಿಯ ಪಕ್ಕ, ಬೋರ್ಡಿಲ್ಲದ ಒಂದು ತಗಡಿನ ಶೆಡ್ಡಿದೆ. ಅಲ್ಲಿ ಯಾವುದಾದರೂ ಕಾರಿನ ಸ್ಟೇರಿಂಗ್ ಕೆಳಗೆ ತಲೆ ತೂರಿಸಿ, ಎರಡು ಕಾಲನ್ನೂ ಬಾಗಿಲಿನಾಚೆ ಚಾಚಿ ಮಲಗಿರುವ ಮನುಷ್ಯ ಕಂಡರೆ ಅವನೇ ಲಿಂಗರಾಜು. ಹೊಸಬರು ಹೋದರೆ ಆ ಕಾಲಿನ ಜೊತೆಯೇ ಮಾತಾಡಬೇಕು. ಮುಖ ಈಚೆ ಬರಲು ಕನಿಷ್ಠ ಹತ್ತು ನಿಮಿಷ.

ಕಾರಿಗೆ ವೈರಿಂಗ್ ಮಾಡುವುದು ಅವನ ಕಸುಬು. ಟೇಪು, ಕ್ಯಾಮೆರಾ, ಹಾರ್ನು, ಏನೇ ಕೂರಿಸಿದರೂ ಒಂದು ಎಳೆ ವೈರು ಕಣ್ಣಿಗೆ ಬೀಳಬಾರದು. ಅವನ ಅಪ್ಪ ಮರಿಯಯ್ಯ ಶಿವನಸಮುದ್ರದ ಪವರ್‌ಹೌಸಿನಲ್ಲಿ ಹೆಲ್ಪರ್ ಆಗಿದ್ದರು. ಅಪ್ಪನಿಗೆ ಬುತ್ತಿ ಕೊಟ್ಟು ಬರಲು ಹೋಗುತ್ತಿದ್ದ ಹುಡುಗ, ಅಲ್ಲಿನ ಹಳಬರು ವೈರುಗಳನ್ನು ಮೇಣ ಹಚ್ಚಿದ ದಾರದಿಂದ ನಾಲ್ಕು ಬೆರಳಿಗೊಂದು ಗಂಟು ಹಾಕಿ ಕಟ್ಟುವುದನ್ನು ನೋಡಿ ಕಲಿತ. ಇವತ್ತಿಗೂ ಲಿಂಗರಾಜು ಪ್ಲಾಸ್ಟಿಕ್ ಪಟ್ಟಿ ಮುಟ್ಟುವುದಿಲ್ಲ, ಮೇಣದ ದಾರವೇ ಆಗಬೇಕು. ಕೆಲಸ ಮುಗಿದ ಮೇಲೆ ಒಂದು ಚೀಟಿ ಬರೆಯುತ್ತಾನೆ. ಯಾವ ವೈರು ಎಲ್ಲಿಂದ ಎಲ್ಲಿಗೆ ಹೋಗಿದೆ, ಯಾವ ತಾರೀಕು, ಕೆಳಗೆ ತನ್ನ ಹೆಸರು. ಅದನ್ನು ಮಡಚಿ ಡ್ಯಾಶ್‌ಬೋರ್ಡಿನೊಳಗೆ ವೈರಿಗೇ ಕಟ್ಟಿಬಿಡುತ್ತಾನೆ. ನಾಳೆ ಬಿಚ್ಚುವ ಇನ್ನೊಬ್ಬ ಮೆಕ್ಯಾನಿಕ್ಕು ತಡಕಾಡಬಾರದು ಅಂತ. ಇಂಥ ಕಾಲದಲ್ಲಿ ಇದೆಂಥ ಹುಚ್ಚು ಎಂದು ನಾನು ನಕ್ಕಿದ್ದೆ. ನಕ್ಕಿದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ನಾನು ಶಿವರಾಜು. ಮನೆ ಮದ್ದೂರಿನಲ್ಲಿ, ಕೆಲಸ ಗೆಜ್ಜಲಗೆರೆಯ ಒಂದು ಫ್ಯಾಕ್ಟರಿಯಲ್ಲಿ, ಮಧ್ಯಾಹ್ನ ಎರಡರ ಪಾಳಿಯ ಸೂಪರ್‌ವೈಸರ್. ಎರಡು ವರ್ಷದಿಂದ ಅವ್ವನ ಕಿಡ್ನಿ ಕೈಕೊಟ್ಟಿದೆ. ವಾರಕ್ಕೆ ಮೂರು ದಿನ ಬೆಳಗಿನ ಜಾವ ಮೈಸೂರಿಗೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಬೇಕು. ಅದು ಮುಗಿದು, ಅವ್ವನನ್ನು ಆಸ್ಪತ್ರೆಯ ಹಾಸಿಗೆಯಿಂದ ಎಬ್ಬಿಸಿ ಹೊರಡುವಷ್ಟರಲ್ಲಿ ಒಂದು ಗಂಟೆ ಹತ್ತಿರ ಬಂದಿರುತ್ತದೆ. ಅಲ್ಲಿಂದ ಮದ್ದೂರಿಗೆ ಬಂದು, ಅವ್ವನನ್ನು ಮನೆಯಲ್ಲಿ ಮಲಗಿಸಿ, ಎರಡಕ್ಕೆ ಫ್ಯಾಕ್ಟರಿ ಗೇಟಿನಲ್ಲಿ ಹಾಜರಿ ಹಾಕಬೇಕು. ಹೇಗೆ ಓಡಿಸುತ್ತಿದ್ದೆ ಎಂದು ಬೇರೆ ಹೇಳಬೇಕಾಗಿಲ್ಲ. ಮೈಸೂರು ಹೈವೇಯ ಕ್ಯಾಮೆರಾಗಳಿಗೆ ಎರಡು ಸಲ ಸಿಕ್ಕಿಬಿದ್ದು ನೋಟಿಸು ಬಂತು. "ಮೂರನೇ ಸಲ ಸಿಕ್ಕಿದ್ರೆ ಮೂರು ತಿಂಗಳು ಲೈಸೆನ್ಸು ನಮ್ಮ ಹತ್ರಾನೇ ಇರುತ್ತೆ" ಎಂದರು ಆರ್‌ಟಿಒ ಆಫೀಸಿನವರು, ನಗುನಗುತ್ತಲೇ.

ಮೂರು ತಿಂಗಳು! ಡಯಾಲಿಸಿಸ್ ಆದ ಮೇಲೆ ಅವ್ವನಿಗೆ ತಲೆ ಎತ್ತಲಾಗುವುದಿಲ್ಲ, ಬಸ್ಸಿನ ವಾಸನೆಗೇ ವಾಂತಿ. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿಸಿಕೊಂಡು ಬರದೆ ಗತಿಯಿಲ್ಲ. ನಿಧಾನವಾಗಿ ಓಡಿಸಬೇಕು ಎಂದು ಯಾರಿಗಾದರೂ ಹೊಳೆಯುವ ಬುದ್ಧಿ ನನಗೆ ಹೊಳೆಯಲಿಲ್ಲ. ನನಗೆ ಹೊಳೆದದ್ದು ಡಬ್ಬಿ. ಪೊಲೀಸರ ಸ್ಪೀಡ್ ಕ್ಯಾಮೆರಾ ಬಿಡುವ ಅಲೆಗಳನ್ನು ದೂರದಿಂದಲೇ ಹಿಡಿದು ಕುಯ್ ಎಂದು ಕೂಗುವ ಬೆಂಕಿಪೊಟ್ಟಣದ ಗಾತ್ರದ ಡಬ್ಬಿ. ಆನ್‌ಲೈನಿನಲ್ಲಿ ತರಿಸಿ, ಅವ್ವನನ್ನೂ ಕೂರಿಸಿಕೊಂಡು ಲಿಂಗರಾಜುವಿನ ಶೆಡ್ಡಿಗೆ ಹೋದೆ.

ಲಿಂಗಣ್ಣ ಡಬ್ಬಿಯನ್ನು ತಿರುಗಿಸಿ ಮುರುಗಿಸಿ ನೋಡಿದ.

"ಪೊಲೀಸ್ನೋರ ಕಣ್ ತಪ್ಸಾಕೇನ್ಲಾ ಇದು?"

"ಅವ್ವುನ್ ಸಲುವಾಗಿ ಕಣಣ್ಣೋ" ಎಂದು ದನಿ ತಗ್ಗಿಸಿ ಎಲ್ಲ ಹೇಳಿದೆ. ಅವನು ಹಿಂದಿನ ಸೀಟಿನಲ್ಲಿ ಕಣ್ಣುಮುಚ್ಚಿ ಕೂತಿದ್ದ ಅವ್ವನನ್ನು ಒಂದು ಗಳಿಗೆ ನೋಡಿ, ಇನ್ನೇನೂ ಕೇಳದೆ ಸ್ಕ್ರೂಡ್ರೈವರ್ ತೆಗೆದುಕೊಂಡ.

ಗಾಜಿನ ಹಿಂದೆ, ಡ್ಯಾಶ್‌ಬೋರ್ಡಿನ ನಟ್ಟನಡುವೆ, ನಮ್ಮ ಮಾದಪ್ಪ ಇದ್ದಾನೆ. ಹುಲಿಯ ಮೇಲೆ ಕೂತ ಹಿತ್ತಾಳೆಯ ಮಾದೇಶ್ವರ, ಕೆಳಗೆ ಅಂಗೈ ಅಗಲದ ಹಿತ್ತಾಳೆ ಪೀಠ. ಕಾರು ತಂದ ವರ್ಷ ಅವ್ವನೇ ಬೆಟ್ಟದಿಂದ ತಂದದ್ದು. ಡಬ್ಬಿಯನ್ನು ಗಾಜಿಗೆ ಅಂಟಿಸಬೇಕು ಎಂದು ಪುಸ್ತಕದಲ್ಲಿ ಬರೆದಿತ್ತು. ಲಿಂಗಣ್ಣ ಅದನ್ನು ಗಾಜಿಗೆ ಹಿಡಿದು ನೋಡುವಾಗ ಅವ್ವ ಕಣ್ಣು ಬಿಟ್ಟಳು.

"ಮಾದಪ್ಪುನ್ ಮುಂದ್ಕೆ ಏನ್ನೂ ಅಡ್ಡ ಮಡಗಬ್ಯಾಡ ಕಣಪ್ಪ ಲಿಂಗರಾಜು."

"ಇಲ್ಲ ಕಣವ್ವ, ಮಡಗ್ತೀನಾ?" ಎಂದ. ತಿಂಗಳ ಅಮಾವಾಸ್ಯೆಗೆ ಬರಿಗಾಲಲ್ಲಿ ಬೆಟ್ಟ ಹತ್ತುವ ಒಕ್ಕಲು ಅವನು, ಹೇಳಿಸಿಕೊಳ್ಳಬೇಕೆ? ಡ್ಯಾಶ್‌ಬೋರ್ಡಿನ ಮೇಲುಹೊದಿಕೆಯನ್ನು ಹುಷಾರಾಗಿ ಎಬ್ಬಿಸಿ, ಡಬ್ಬಿಯನ್ನು ಒಳಗಡೆ, ಸರಿಯಾಗಿ ಮಾದಪ್ಪನ ಪೀಠದ ಕೆಳಗೆ ಕೂರಿಸಿದ. ವೈರನ್ನು ಅಂಚಿನ ಬಿರುಕಿನಲ್ಲಿ ಹೂತು, ಗಾಜಿನ ಪಕ್ಕದ ಕಂಬದ ಹೊದಿಕೆಯೊಳಗಿಂದ ಇಳಿಸಿ, ಫ್ಯೂಸಿನ ಪೆಟ್ಟಿಗೆಗೆ ಕೊಟ್ಟ. ಕಾರಿನ ಕಂಪನಿಯವರು ಹಾಕಿದ ಒಂದು ವೈರನ್ನೂ ಕತ್ತರಿಸಲಿಲ್ಲ. ಚೀಟಿ ಬರೆದು ಕಟ್ಟಿದ. ಕೀಲಿ ತಿರುಗಿಸಿದರೆ ಒಳಗಿನಿಂದ ಒಂದೇ ಒಂದು ಸಲ ಕುಯ್ ಎಂದಿತು. ಎಷ್ಟು ಚೊಕ್ಕ ಕೆಲಸವೆಂದರೆ, ಡಬ್ಬಿ ಎಲ್ಲಿದೆ ಎಂದು ನಾನೇ ಹುಡುಕಿ ಸೋತೆ.

ಆಮೇಲೆ ಎಂಟು ದಿನ ಅದು ದಾರಿಯಲ್ಲಿ ಒಂದು ಸಲವೂ ಕೂಗಲಿಲ್ಲ. ಕೂಗದಿದ್ದರೆ ಕ್ಯಾಮೆರಾ ಇಲ್ಲ ಎಂದರ್ಥ ತಾನೆ? ನಾನು ಮೊದಲಿಗಿಂತ ಜೋರಾಗಿ ಓಡಿಸಿದೆ. ನೂರಿಪ್ಪತ್ತು, ನೂರಮೂವತ್ತು. ಹಿಂದೆ ಅವ್ವ ಕಣ್ಣುಮುಚ್ಚಿ ಮಲಗಿರುತ್ತಿದ್ದಳು, ಮುಂದೆ ಮಾದಪ್ಪ ಹುಲಿಯ ಮೇಲೆ ಕೂತಿರುತ್ತಿದ್ದ.

ಒಂಬತ್ತನೆಯ ದಿನ, ಬೆಳಿಗ್ಗೆ ಐದೂವರೆ. ಅವ್ವನನ್ನು ಹಿಂದೆ ಕೂರಿಸಿ ದಿಂಬು ಕೊಟ್ಟು ಗಾಡಿ ತೆಗೆಯಬೇಕು, ಎದುರಿಗೆ ಮೊಪೆಡ್ಡು ಬಂದು ಅಡ್ಡ ನಿಂತಿತು. ಲಿಂಗಣ್ಣ. ತಲೆಗೆ ಟವೆಲ್ಲು, ಹೆಗಲಲ್ಲಿ ಸಾಮಾನಿನ ಚೀಲ.

"ಗಾಡಿ ತಗೀಬ್ಯಾಡ ಕಣ್ಲಾ ಶಿವರಾಜು."

ನನಗೆ ಪಿತ್ತ ನೆತ್ತಿಗೇರಿತು. "ಟೈಮಾಯ್ತದೆ, ದಾರಿ ಬುಡಣ್ಣ" ಎಂದು ರೇಗಿದೆ.

"ನನ್ ತಪ್ಪು ಕಣಪ್ಪ. ಆ ಡಬ್ಬಿ ಕೂಗಾಕಿಲ್ಲ. ಯಾವತ್ತೂ ಕೂಗಾಕಿಲ್ಲ."

ಮೊಪೆಡ್ಡಿನಿಂದ ಇಳಿಯದೆಯೇ ಹೇಳಿದ. ಹಿಂದಿನ ದಿನ ಇನ್ನೊಬ್ಬರು ಅಂಥದ್ದೇ ಡಬ್ಬಿ ತಂದಿದ್ದರಂತೆ. ಅವರ ಗಾಡಿಯಲ್ಲಿ ದೇವರಿರಲಿಲ್ಲ, ಗಾಜಿಗೇ ಅಂಟಿಸಿದ. ಓಡಿಸಿ ನೋಡಲು ಹೈವೇಗೆ ಹೋದರೆ ಕ್ಯಾಮೆರಾ ಹತ್ತಿರ ಬರುತ್ತಲೇ ಕಿವಿ ಕಿತ್ತುಹೋಗುವ ಹಾಗೆ ಕೂಗಿತು. ಅವನಿಗೆ ಆಗಲೇ ಅನುಮಾನ ಬಂತು. ಮನೆಯಿಂದ ಹಿತ್ತಾಳೆಯ ಪೂಜೆ ತಟ್ಟೆ ತಂದು ಡಬ್ಬಿಯ ಮೇಲೆ ಹಿಡಿದು ಅದೇ ಜಾಗದಲ್ಲಿ ಮತ್ತೆ ಓಡಿಸಿದ. ಸದ್ದೇ ಇಲ್ಲ. ಲೋಹ ಅಡ್ಡ ಬಂದರೆ ಅಲೆ ಒಳಗೆ ಇಳಿಯುವುದಿಲ್ಲ, ನಮ್ಮ ಡಬ್ಬಿಯ ಮೇಲಿದ್ದದ್ದೂ ಮಾದಪ್ಪನ ಹಿತ್ತಾಳೆ ಪೀಠವೇ.

"ಕೀಲಿ ತಿರುಗ್ಸುದ್ರೆ ಕುಯ್ ಅಂದುದ್ನೇ ನಂಬ್ಕಂಡ್ಬುಟ್ಟೆ. ಓಡ್ಸಿ ನೋಡ್ನಿಲ್ಲ. ನಿನ್ನೆಯಿಂದ ಅನ್ನ ಇಳೀನಿಲ್ಲ ಕಣ್ಲಾ. ನಿನ್ ನಂಬರೂ ನನ್ತಾವ್ ಇರ್ನಿಲ್ಲ, ಅದ್ಕೇ ಮನೆ ಕೇಳ್ಕಂಡ್ ಬಂದೆ."

ಎಂಟು ದಿನ, ನೂರಮೂವತ್ತರಲ್ಲಿ, ಕುರುಡನ ಹಾಗೆ ಓಡಿಸಿದ್ದೆ. ಕ್ಯಾಮೆರಾಗಳು ಈಗಾಗಲೇ ಹಿಡಿದಿವೆಯೋ ಏನೋ.

ಅಷ್ಟರಲ್ಲಿ ಹಿಂದಿನ ಸೀಟಿನಿಂದ ಅವ್ವ ಕೇಳಿದಳು. "ಎಂಥ ಡಬ್ಬೀಲಾ ಅದು? ಏನ್ ಕೂಗಾಕಿಲ್ಲ?"

ಸುಳ್ಳು ಹೇಳಬಹುದಿತ್ತು. ಲಿಂಗಣ್ಣ ಎದುರಿಗಿದ್ದ, ನಾಲಿಗೆ ಏಳಲಿಲ್ಲ. ನೋಟಿಸಿನಿಂದ ಹಿಡಿದು ನೂರಮೂವತ್ತರವರೆಗೆ ಎಲ್ಲ ಹೇಳಿದೆ. ಅವ್ವ ದಿಂಬು ಪಕ್ಕಕ್ಕೆ ಸರಿಸಿ ನೆಟ್ಟಗೆ ಕೂತಳು.

"ನನ್ ಉಳ್ಸಾಕೆ ಓಡುಸ್ತಿದ್ದೀಯಾ, ಇಬ್ರುನೂವೆ ಕಳ್ಸಾಕೆ ಓಡುಸ್ತಿದ್ದೀಯಾ?" ಎಂದಳು. ಆಮೇಲೆ, "ಎರಡ್ ಗಂಟೆ ತಡ್ವಾಗಿ ಬತ್ತೀನಿ ಅಂತ ಪ್ಯಾಕ್ಟ್ರೀಲಿ ಒಂದ್ ಮಾತ್ ಕೇಳಾಕೆ ನಿಂಗೆ ಬಾಯಿರ್ನಿಲ್ವಾ?"

ಇರಲಿಲ್ಲ. ಯಾರ ಮುಂದೆಯೂ ಕೈಯೊಡ್ಡಬಾರದು ಎನ್ನುವ ಒಣ ಜಂಬ ನನ್ನದು.

ಲಿಂಗಣ್ಣ ಮೊಪೆಡ್ಡನ್ನು ನಮ್ಮ ಮನೆಯ ಗೋಡೆಗೆ ಒರಗಿಸಿ ಬಂದು ನನ್ನ ಪಕ್ಕದ ಸೀಟಿನಲ್ಲಿ ಕೂತ. "ಇವತ್ತು ಅವ್ವುನ್ ಬುಟ್ಬುಟ್ಟು ನೀನು ಬಸ್ಸತ್ತು, ಕೆಲ್ಸುಕ್ಕೆ ಓಗು. ವಾಪಸ್ಸು ನಾನು ಕರ್ಕಂಡ್ ಬತ್ತೀನಿ, ನಿಧಾನುಕ್ಕೆ. ಲಾರಿ ಲೈಸೆನ್ಸೇ ಅದೆ ನಂಗೆ."

"ನಿನ್ ಅಂಗಡಿ?"

"ಅಂಗ್ಡಿ ಎಲ್ಲಿಗೋಯ್ತದೆ? ನಡಿ ನಡಿ."

ಆ ದಿನ ಎಂಬತ್ತು ದಾಟದೆ ಮೈಸೂರು ಸೇರಿದೆವು. ಹನ್ನೊಂದಕ್ಕೆ ನಾನು ಬಸ್ಸು ಹಿಡಿದೆ. ಮಂಡ್ಯ ಇನ್ನೂ ಮುಂದಿರುವಾಗ, ಇಂಡುವಾಳಿನ ಹತ್ತಿರ, ಕಿಟಕಿಯಾಚೆ ನೋಡಿದರೆ ರಸ್ತೆ ಬದಿಯ ಮರದ ನೆರಳಿನಲ್ಲಿ ಪೊಲೀಸರ ಕ್ಯಾಮೆರಾ ಗಾಡಿ ನಿಂತಿತ್ತು. ಪ್ರತಿ ಸಲವೂ ನಾನು ಮೈಮರೆತು ಓಡಿಸುವ ನೇರ ರಸ್ತೆ ಅದು. ಕಾರುಗಳನ್ನು ಒಂದೊಂದಾಗಿ ನಿಲ್ಲಿಸಿ ಲೈಸೆನ್ಸು ಇಸಿದುಕೊಳ್ಳುತ್ತಿದ್ದರು. ನನ್ನದು ಜೇಬಿನಲ್ಲಿತ್ತು. ಬಸ್ಸಿನಲ್ಲಿ ಕೂತು ಅದನ್ನು ಮುಟ್ಟಿ ಮುಟ್ಟಿ ನೋಡಿಕೊಂಡೆ, ಕಣ್ಣು ಮಂಜಾಯಿತು. ಸ್ವಂತ ಅಣ್ಣನಾಗಿದ್ದರೂ ಯಾರು ಅಷ್ಟು ಬೆಳಗ್ಗೆ ಎದ್ದು ಬಂದು ತನ್ನದೇ ತಪ್ಪು ಎನ್ನುತ್ತಾರೆ?

ಮೂರೂವರೆಗೆ ಮನೆಗೆ ಫೋನು ಮಾಡಿದರೆ ಅವ್ವ ಎದ್ದು ಕೂತು ಗಂಜಿ ಕುಡಿಯುತ್ತಿದ್ದಳು. "ತೊಟ್ಲಲ್ಲಿ ತೂಗ್ದಂಗ್ ಕರ್ಕಂಡ್ ಬಂದ ಕಣ್ಲಾ" ಎಂದಳು. ನಾನು ಆವತ್ತೇ ಮ್ಯಾನೇಜರ ಹತ್ತಿರ ಹೋಗಿ ಬಾಯಿ ಬಿಟ್ಟೆ. ಮೊದಲ ಪಾಳಿಯ ಅಂಕಯ್ಯ ಆ ಮೂರು ದಿನ ನನಗಾಗಿ ಎರಡು ಗಂಟೆ ಹೆಚ್ಚು ನಿಲ್ಲುತ್ತಾನೆ, ಉಳಿದ ಮೂರು ದಿನ ನಾನು ಎರಡು ಗಂಟೆ ಮೊದಲೇ ಹೋಗಿ ಅವನನ್ನು ಕಳಿಸುತ್ತೇನೆ. ಇಷ್ಟೇ ಆಗಬೇಕಾಗಿದ್ದದ್ದು. ಆ ಎಂಟು ದಿನಗಳ ನೋಟಿಸು ಬರುತ್ತದೆಂದು ತಿಂಗಳುಗಟ್ಟಲೆ ಹೆದರಿದ್ದೆ, ಇದುವರೆಗೂ ಬಂದಿಲ್ಲ.

ಡಬ್ಬಿಯನ್ನು ಲಿಂಗಣ್ಣ ಆ ದಿನವೇ ಆಸ್ಪತ್ರೆಯ ಪಾರ್ಕಿಂಗಿನಲ್ಲಿ, ಅವ್ವ ಏಳುವುದರೊಳಗೆ, ಬಿಚ್ಚಿ ಸೀಟಿನ ಮೇಲಿಟ್ಟಿದ್ದ. ಡ್ಯಾಶ್‌ಬೋರ್ಡಿನ ಹೊದಿಕೆ ಎಬ್ಬಿಸಿದ ಗುರುತು ಎಲ್ಲೂ ಇರಲಿಲ್ಲ. ಅಲ್ಲಿಗೆ ಅದು ಮುಗಿಯಿತು ಎಂದುಕೊಂಡಿದ್ದೆ.

ಮೊನ್ನೆ ಮೈಸೂರಿನಲ್ಲಿ ಕಾರಿನ ಮೀಟರಿನ ದೀಪ ಹೋಯಿತು. ಆಸ್ಪತ್ರೆಯ ಹತ್ತಿರದ ಮೆಕ್ಯಾನಿಕ್ಕು ಡ್ಯಾಶ್‌ಬೋರ್ಡ್ ಬಿಚ್ಚಿ, "ಏನ್ ಸಾರ್, ಒಳಗೆ ಪತ್ರ ಇಟ್ಟಿದೀರಾ?" ಎಂದು ನಕ್ಕ. ಮೇಣದ ದಾರದಲ್ಲಿ ಕಟ್ಟಿದ ಎರಡು ಚೀಟಿ. ಮೊದಲನೆಯದು ನಾನು ನೋಡಿದ್ದೇ. ಎರಡನೆಯದನ್ನು ಓದಿದೆ:

"ಮೊದಲಿನ ಚೀಟಿ ನಂಬಬೇಡಿ. ಡಬ್ಬಿ ತೆಗೆದಿದ್ದೇನೆ. ಹಿತ್ತಾಳೆಯ ಕೆಳಗೆ ಇಟ್ಟದ್ದು ನನ್ನ ತಪ್ಪು. ಈ ಗಾಡಿಯಲ್ಲಿ ಕಾಯಿಲೆಯ ಅವ್ವ ಒಬ್ಬರು ಓಡಾಡುತ್ತಾರೆ. ಏನು ಮಾಡಿದರೂ ಓಡಿಸಿ ನೋಡಿ ಕೊಡಿ. ಲಿಂಗರಾಜು, ಗೆಜ್ಜಲಗೆರೆ."

ನನ್ನ ಕೈಯಿಂದ ಇಸಿದುಕೊಂಡು ಮೆಕ್ಯಾನಿಕ್ಕೂ ಓದಿದ. ಅವನು ಆಮೇಲೆ ನಗಲಿಲ್ಲ. ದೀಪ ಹಾಕಿ, ಮುಚ್ಚುವ ಮೊದಲು ಎರಡು ಚೀಟಿಯನ್ನೂ ಇದ್ದ ಜಾಗಕ್ಕೇ ಕಟ್ಟಿ, "ಬನ್ನಿ ಸಾರ್, ಒಂದು ರೌಂಡು ಓಡಿಸಿ ನೋಡೋಣ" ಎಂದ.