ರಸ್ತೆಯ ಮಟ್ಟಕ್ಕೆ ತುಂಬಿಸಿದ ಗದ್ದೆ

ಬ್ಯಾಂಕುಗಳಿಗೆ ಜಮೀನಿನ ಬೆಲೆ ಕಟ್ಟಿಕೊಡುವುದು ನನ್ನ ಕೆಲಸ. ಅತ್ತಿಬೆಲೆ ಸುತ್ತಮುತ್ತ ಈಗ ಕಸವಿಲ್ಲದ ಜಮೀನು ಸಿಗುವುದೇ ಅಪರೂಪ. ಕೆಡವಿದ ಮನೆಗಳ ಗೋಡೆ, ಟೈಲ್ಸ್, ಒಡೆದ ಕಮೋಡು, ಎಲ್ಲವೂ ಯಾರದೋ ಹೊಲಕ್ಕೆ ಬಂದು ಬಿದ್ದಿರುತ್ತವೆ. ಟೇಪು ಹಿಡಿದು ಅದರ ಸುತ್ತ ಓಡಾಡಿ, ತೆಗೆಸಲು ಎಷ್ಟು ಲಾರಿ ಲೋಡು ಆಗಬಹುದೆಂದು ಅಂದಾಜು ಮಾಡಿ, ಆ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ವರ್ಷಗಟ್ಟಲೆ ಇದನ್ನೇ ಮಾಡಿ ಸಾಕಾಗಿಹೋಗಿದೆ.

ಕಳೆದ ಬೇಸಿಗೆಯಲ್ಲಿ ನೋಡಿದ ಒಂದು ಜಾಗದಲ್ಲಿ ಮಾತ್ರ ಕಸದ ಗುಡ್ಡೆ ಕಾಣಲಿಲ್ಲ. ಕೆರೆಯ ಕೆಳಗಿನ ತಗ್ಗು ಗದ್ದೆಯನ್ನು ತುಂಬಿಸಿ ಸಪಾಟು ಮಾಡಿದ್ದರು. ಅಲ್ಲಿ ಶೆಡ್ ಕಟ್ಟಿ ಬಾಡಿಗೆಗೆ ಕೊಡಬೇಕೆಂದು ಆ ಮನೆಯ ಮಗ ಸಾಲಕ್ಕೆ ಅರ್ಜಿ ಹಾಕಿದ್ದ. ಜಾಗ ತೋರಿಸಲು ಬಂದವರು ಅವನ ತಾಯಿ, ಅರವತ್ತು ದಾಟಿದವರು.

“ನೋಡಿ ಮೇಡಂ, ರೋಡ್ ಮಟ್ಟಕ್ಕೆ ಬಂದೈತೆ. ಎಲ್ಡು ವರ್ಸ ನಾನೇ ನಿಂತ್ಕಂಡು ಆಕ್ಸಿದ್ದು. ಬರೀ ಮಣ್ಣು, ಇಟ್ಗೆ ಚೂರು. ಪ್ಲಾಸ್ಟಿಕ್ ಕಂಡ್ರೆ ಟಿಪ್ಪರನ್ನೇ ವಾಪಸ್ ಕಳಿಸ್ತಿದ್ದೆ.”

ತುಂಬಿಸಿದ ಜಾಗವನ್ನು ಅಗೆಸಿ ನೋಡದೆ ನಾನು ವರದಿ ಬರೆಯುವುದಿಲ್ಲ. ಪಕ್ಕದಲ್ಲಿ ಕೆಲಸ ಮಾಡುತ್ತಿದ್ದ ಜೆಸಿಬಿಯವನನ್ನು ಕರೆದು ಎರಡು ಕಡೆ ಗುಂಡಿ ತೆಗೆಸಿದೆ. ಮೊದಲನೆಯದರಲ್ಲಿ ಅವರು ಹೇಳಿದಂತೆಯೇ ಮಣ್ಣು, ಇಟ್ಟಿಗೆ. ಎರಡನೆಯದರಲ್ಲಿ ಸೊಂಟದಾಳಕ್ಕೇ ಕಪ್ಪು ನೀರು ಜಿನುಗಿತು. ಹಾಸಿಗೆಯ ಸ್ಪಂಜು, ವೈರು, ಪ್ಲಾಸ್ಟಿಕ್ ಚೀಲಗಳು ಗೊಂಚಲಾಗಿ ಮೇಲೆ ಬಂದವು.

ಆಕೆ ಬಗ್ಗಿ ಬಹಳ ಹೊತ್ತು ನೋಡಿದರು. “ಊಟಕ್ಕಂತ ಮನೇಗೋಗ್ತಿದ್ನಲ್ಲ, ಆಗ ಸುರ್ದವ್ರೆ,” ಎಂದರು. ನನ್ನ ಕಡೆ ತಿರುಗಿ, “ಅಂಗಾದ್ರೆ ಗದ್ದೆಯಾಗೇ ಬಿಟ್ಟಿದ್ರೆ ಜಾಸ್ತಿ ಬೆಲೆ ಬರ್ತಿತ್ತಾ ಮೇಡಂ?”

ಸುಳ್ಳು ಹೇಳುವಷ್ಟೂ ತ್ರಾಣ ಇರಲಿಲ್ಲ. “ಹೌದಮ್ಮ. ಇದರ ಮೇಲೆ ಪಾಯ ನಿಲ್ಲಲ್ಲ. ಎಲ್ಲಾ ತೆಗೆಸ್ಬೇಕಾಗತ್ತೆ.”

ಜೆಸಿಬಿಯವನು ಗುಂಡಿ ಮುಚ್ಚಲು ಹೊರಟ. ಆಕೆ ಕೈ ಅಡ್ಡ ಹಿಡಿದರು. “ಮುಚ್ಬ್ಯಾಡ ಕಣಪ್ಪ. ನನ್ ಮಗ ಬಂದು ನೋಡ್ಲಿ. ಬರೀ ಬಾಯ್ಮಾತಿಗೆ ನಂಬಕಿಲ್ಲ, ನಂಗೇ ಬಯ್ತಾನೆ.”

ಫೋನು ಮಾಡಿ ಕರೆಸಿದೆವು. ಅವನು ಬರುವವರೆಗೆ ಆಕೆ ಸೆರಗು ತಲೆಗೆ ಹೊದ್ದು ಮಣ್ಣಿನ ಮೇಲೆ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. ಮಗ ಬಂದು ಗುಂಡಿಯೊಳಗೆ ನೋಡಿದ. ಜಗಳವಾಗುತ್ತದೆಂದು ನಾನು ಎದ್ದು ನಿಂತೆ. ಅವನು ತಾಯಿಯ ತೋಳು ಹಿಡಿದು ಎಬ್ಬಿಸಿ, “ಬಾಮ್ಮ, ಬಿಸ್ಲು ಜೋರಾಗೈತೆ,” ಎಂದಷ್ಟೇ ಹೇಳಿ ಬೈಕಿನಲ್ಲಿ ಕೂರಿಸಿಕೊಂಡು ಹೋದ.

ತುಂಬಿಸಿದ್ದನ್ನೆಲ್ಲ ತೆಗೆಸುವವರೆಗೆ ಕಟ್ಟಡಕ್ಕೆ ಯೋಗ್ಯವಲ್ಲ ಎಂದು ಆ ಸಂಜೆಯೇ ಬರೆದು ಕಳಿಸಿದೆ. ಬ್ಯಾಂಕು ಸಾಲ ಕೊಡಲಿಲ್ಲವಂತೆ. ನಾನು ಜ್ವರವೆಂದು ಹೇಳಿ ಒಂದು ವಾರ ಯಾವ ಜಾಗಕ್ಕೂ ಹೋಗಲಿಲ್ಲ.