ಲೆಸ್ಲಿ ಟಾರಂಟನ ಎಡೆ

ಲೆಸ್ಲಿ ಟಾರಂಟ್ ಸೈನ್ಯ ಸೇರುವ ಮೊದಲೂ ಅಡುಗೆಯವನೇ, ಸೇರಿದ ಮೇಲೂ ಅಡುಗೆಯವನೇ. ಆಸ್ಟ್ರೇಲಿಯಾದಲ್ಲಿ ಕುರಿಯ ಉಣ್ಣೆ ಕತ್ತರಿಸುವವರ ಬಿಡಾರಗಳಲ್ಲಿ ಬೇಯಿಸಿ ಹಾಕುತ್ತಿದ್ದ. ಸಿಂಗಪುರ ಬಿದ್ದಾಗ ಸೆರೆಸಿಕ್ಕ. ಹಡಗಿನಲ್ಲಿ ತುಂಬಿ ಜಪಾನಿನ ಕಾವಾಸಾಕಿಗೆ ತಂದರು. ಹಗಲೆಲ್ಲ ಕಲ್ಲಿದ್ದಲು ಹೊತ್ತು, ಸಂಜೆ ಶಿಬಿರದ ಒಲೆಯ ಮುಂದೆ ನಿಲ್ಲುತ್ತಿದ್ದ. ಎಲ್ಲರಿಗೂ ಬಡಿಸಿ, ತಳ ಹಿಡಿದದ್ದನ್ನು ಕೆರೆದು ತಾನು ತಿನ್ನುತ್ತಿದ್ದ. ಯುದ್ಧದ ಕೊನೆಯ ಚಳಿಗಾಲದಲ್ಲಿ ನ್ಯುಮೋನಿಯಾ ಬಂದು ಸತ್ತ. ಬದುಕಿ ಊರಿಗೆ ಮರಳಿದವರು ತಮ್ಮ ತಮ್ಮ ಸಾಹಸ ಹೇಳಿಕೊಂಡರು. ಒಬ್ಬ ಮಾತ್ರ ಲೆಸ್ಲಿಯ ತಂಗಿಯ ಮನೆ ಹುಡುಕಿಕೊಂಡು ಹೋಗಿ ಗಂಜಿ ಕಾಯಿಸಿದವನ ಸುದ್ದಿ ಹೇಳಿದ.

ಆ ತಂಗಿಯ ಮಗಳು ಮಾರ್ಜರಿ ಈಗ ಸಿಡ್ನಿಯ ಆಸ್ಪತ್ರೆಯಲ್ಲಿದ್ದಳು. ಕೊರೊನಾ ಬಂದು ಜಪಾನಿನ ಗಡಿ ಮುಚ್ಚಿ, ಅವಳ ಪ್ರಯಾಣ ನಿಂತುಹೋಗಿತ್ತು. ನಾಳೆ ಹೃದಯದ ಆಪರೇಷನ್. ಅದಕ್ಕೆ ಮುಂಚೆ ಸೋದರಮಾವನ ಸಮಾಧಿಯನ್ನು ಫೋನಿನಲ್ಲಾದರೂ ನೋಡಬೇಕೆಂದಿದ್ದಳು. ಜಪಾನಿನಲ್ಲೇ ಇದ್ದು ಯುದ್ಧಕೈದಿಗಳ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಅನಸೂಯಾ ಒಪ್ಪಿಕೊಂಡಿದ್ದಳು. ಇವತ್ತೇ ಮಹಾಲಯ ಅಮಾವಾಸ್ಯೆ ಎಂಬುದು ಆಗ ನೆನಪಿರಲಿಲ್ಲ.

ಗಂಡ ವಿಶ್ವನಾಥನ ಆಫೀಸು ಮನೆಗೆ ಬಂದಾಗಿನಿಂದ ಅವಳ ಸಂಶೋಧನೆಯೆಲ್ಲ ವಾಷಿಂಗ್ ಮಷೀನಿನ ಮೇಲೆ ಕೂತಿತ್ತು. ಮುಂಜಾನೆಯಿಂದ ಉಪವಾಸವಿದ್ದು, ರುಚಿಯನ್ನೂ ನೋಡದೆ, ವಡೆ ಕರಿಯುತ್ತಿದ್ದಳು. ಹಜಾರದಲ್ಲಿ ಲ್ಯಾಪ್‌ಟಾಪಿನೊಳಗಿಂದ ಮೈಸೂರಿನ ಶ್ರೀಪಾದ ಶಾಸ್ತ್ರಿಗಳು ತರ್ಪಣ ಮಾಡಿಸುತ್ತಿದ್ದರು.

"ಹಿಂದೆಮುಂದೆ ಯಾರೂ ಇಲ್ಲದೆ ಹೋದವರಿಗೂ ನೀರು ಬಿಡಿ."

"ಬಿಟ್ಟೆ ಶಾಸ್ತ್ರಿಗಳೇ."

ತರ್ಪಣ ಮುಗಿಸಿ ಒಳಗೆ ಬಂದ ವಿಶ್ವನಾಥನಿಗೆ, ಎಲೆಗೆ ಬಡಿಸುವ ಮೊದಲೇ ತುಂಬಿಟ್ಟ ಡಬ್ಬಿ ಕಂಡಿತು.

"ಇದೇನಿದು?"

"ಲೆಸ್ಲಿಗೆ."

"ಅಮಾವಾಸ್ಯೆ ದಿನ ಸ್ಮಶಾನಕ್ಕಾ? ಅದೂ ಪಿತೃಗಳಿಗಿಂತ ಮೊದಲು ಅವನಿಗೆ ತೆಗೆದಿಟ್ಯಾ? ತಲೆ ಕೆಟ್ಟಿದ್ಯಾ ಅನು?"

"ಅವನು ಯಾವತ್ತೂ ಕೊನೇಲೇ ತಿಂದೋನು. ಇವತ್ತೊಂದಿನ ನಿಮ್ಮನೆ ದೊಡ್ಡೋರು ಎರಡನೇ ಪಂಕ್ತೀಲಿ ಕೂತ್ಕೊಳ್ಳಲಿ."

"ನಂಗೆ ಕ್ಲೈಂಟ್ ಕಾಲ್ ಇದೆ. ಬಡಿಸೋರು ಯಾರು? ಪಾತ್ರೆ ಯಾರು ತೊಳೀತಾರೆ?"

"ಯಾರೂ ಇಲ್ದೋರಿಗೆ ಈಗ ತಾನೇ ನೀರು ಬಿಟ್ಯಲ್ಲ ವಿಶ್ವ. ಅದೇ ಕೈಲಿ ಸ್ವಲ್ಪ ಸಿಂಕಿಗೂ ಬಿಡು."

ಯೊಕೊಹಾಮಾದ ಯುದ್ಧಸ್ಮಶಾನ ತಲುಪುವಾಗ ಬಿಸಿಲು ಇಳಿದಿತ್ತು. ಫಲಕದ ಮೇಲೆ ಹೆಸರು, ನಂಬರು, ಪಡೆ, ಸತ್ತ ದಿನ. ಅಡುಗೆಯ ಮಾತೇ ಇಲ್ಲ. ಅನಸೂಯಾ ಡಬ್ಬಿಯನ್ನು ಅದರ ಮುಂದಿಟ್ಟಳು. ಹುಲ್ಲು ಕತ್ತರಿಸುತ್ತಿದ್ದ ಮುದುಕ ಮಾಸ್ಕ್ ಸರಿಪಡಿಸಿಕೊಂಡು ಬಂದು ಬಾಗಿದ.

"ಸುಮಿಮಾಸೆನ್, ಕ್ಷಮಿಸಿ. ಊಟ ಬಿಟ್ಟು ಹೋಗಬೇಡಿ, ವಾಪಸ್ ತಗೊಂಡು ಹೋಗಿ. ಕಾಗೆ ಬರುತ್ತೆ."

ಕಾಗೆ ಬರಲೆಂದೇ ಎಡೆ ಇಡುವುದು ಎಂದು ವಿವರಿಸುವ ತ್ರಾಣ ಅವಳಲ್ಲಿರಲಿಲ್ಲ. ತಲೆಬಾಗಿ, ಮಾರ್ಜರಿಗೆ ವಿಡಿಯೋ ಕರೆ ಮಾಡಿದಳು. ಮುದುಕಿ ಬಹಳ ಹೊತ್ತು ಫಲಕವನ್ನೇ ನೋಡಿದಳು.

"ಆ ಡಬ್ಬೀಲೇನಿದೆ?"

"ವಡೆ, ಪಾಯಸ. ಇಲ್ಲಿ ಬಿಡಬಾರದಂತೆ."

"ಮಾಡಿದ್ದು ಯಾರು?"

"ನಾನೇ."

"ನಿನ್ನ ಊಟ ಆಯ್ತಾ?"

ಬೆಳಗಿನಿಂದ ಯಾರೂ ಕೇಳದ ಪ್ರಶ್ನೆ. "ಇಲ್ಲ."

"ಹಾಗಾದ್ರೆ ಅವನ ಪಕ್ಕ ಕೂತು ತಿನ್ನು, ಮಗೂ. ಇಲ್ಲಿ ನರ್ಸ್ ಬಂದಳು."

ಕರೆ ಮುಗಿಯಿತು. ಅನಸೂಯಾ ಹುಲ್ಲಿನ ಮೇಲೆ ಕೂತು ವಡೆ ಮುರಿದಳು. ಉಪ್ಪು ಸಾಲದು. ಆದರೂ ಇನ್ನೊಂದು ಮುರಿದಳು. ಪಕ್ಕದಲ್ಲಿ ಫೋನು ಹೊಡೆದುಕೊಳ್ಳತೊಡಗಿತು: ವಿಶ್ವ. ಕೈ ಎಂಜಲಾಗಿತ್ತು. ಹೊಡೆದುಕೊಳ್ಳಲಿ ಎಂದು ಪಾಯಸಕ್ಕೆ ಬೆರಳಿಟ್ಟಳು.